ಕಲ್ಲು ಬೀಳದ ದಿನ

ಫ್ರೆಂಚರು 'ಕುಲ್ವಾರ್' ಎಂಬ ಪದವನ್ನು ಎರಡು ಕಡೆ ಬಳಸುತ್ತಾರೆ. ಒಂದು, ಕಟ್ಟಡದೊಳಗೆ ಕೋಣೆಯಿಂದ ಕೋಣೆಗೆ ಹೋಗುವ ಓಣಿಯಂಥ ದಾರಿಗೆ. ಇನ್ನೊಂದು, ಆಲ್ಪ್ಸ್ ಪರ್ವತಗಳಲ್ಲಿ ಎರಡು ಬಂಡೆಗೋಡೆಗಳ ನಡುವೆ ಮೇಲಿನಿಂದ ಬುಡದವರೆಗೆ ಇಳಿಯುವ, ಹಿಮ ಮತ್ತು ಮಂಜುಗಡ್ಡೆ ತುಂಬಿದ ಕಡಿದಾದ ಕೊರಕಲಿಗೆ. ಪದದ ಮೂಲ 'ಹರಿಯುವುದು' ಎಂಬ ಅರ್ಥದ ಕ್ರಿಯಾಪದ. ಪರ್ವತದ ಮಟ್ಟಿಗೆ ಈ ಮೂಲಾರ್ಥವೇ ಹೆಚ್ಚು ಸರಿ. ಬಿರುಕುಬಿಟ್ಟ ಬಂಡೆಯ ಚೂರು, ರಾತ್ರಿ ಬಿದ್ದ ಹೊಸ ಹಿಮ, ಮೇಲಿನವರ ಕಾಲಿಗೆ ಸಿಕ್ಕಿ ಸಡಿಲವಾದ ಮಂಜುಗಡ್ಡೆ, ಪರ್ವತ ಕೆಳಗೆ ಬಿಡುವುದೆಲ್ಲ ಹರಿದುಹೋಗುವ ಮೋರಿ ಅದು. ಹತ್ತುವವರು ಆ ಮೋರಿಯಲ್ಲೇ ಎದುರುಮುಖವಾಗಿ ಮೇಲೆ ಹೋಗುತ್ತಾರೆ, ಏಕೆಂದರೆ ಅಕ್ಕಪಕ್ಕದ ಬಂಡೆಗಳಿಗಿಂತ ಅದೇ ಸಲೀಸು.

ಸಲೀಸು ಎಂದದ್ದು ರಾತ್ರಿಯ ಮಟ್ಟಿಗೆ. ರಾತ್ರಿ ನೀರು ಹೆಪ್ಪುಗಟ್ಟಿ ಸಡಿಲ ಕಲ್ಲುಗಳನ್ನು ಗಾರೆ ಹಾಕಿದಂತೆ ಹಿಡಿದಿಡುತ್ತದೆ. ಬಿಸಿಲು ಮೇಲಿನ ಬಂಡೆಗಳಿಗೆ ತಾಗಿದ ಮೇಲೆ ಆ ಗಾರೆ ಕರಗುತ್ತದೆ, ಕಲ್ಲುಗಳು ಕಳಚಿಕೊಳ್ಳುತ್ತವೆ. ಅದಕ್ಕೇ ಇಂಥ ದಾರಿ ಹಿಡಿಯುವವರು ಮಧ್ಯರಾತ್ರಿಯ ಸುಮಾರಿಗೆ ಎದ್ದು, ಹಣೆಗೆ ದೀಪ ಕಟ್ಟಿಕೊಂಡು, ಬೂಟಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಹಲ್ಲುಗಳನ್ನು ಬಿಗಿದುಕೊಂಡು ಹೊರಡುತ್ತಾರೆ. ಬೆಳಗಿನ ಎಂಟು ಒಂಬತ್ತಕ್ಕೆಲ್ಲ ಅಲ್ಲಿಂದ ಆಚೆ ಬಂದಿರಬೇಕು.

ನಾನು ಕುಲ್ವಾರ್ ಏರಿದವಳಲ್ಲ. ನನ್ನ ಸಂಶೋಧನೆ ನೈತಿಕ ಹೊಣೆಗಾರಿಕೆಯನ್ನು ಕುರಿತದ್ದು. ಉದಾಹರಣೆಗಳಿಗಾಗಿ ಅಪಘಾತ, ನ್ಯಾಯಾಲಯ, ಆಸ್ಪತ್ರೆ ಎಂದು ಓದುತ್ತ ಹೋದವಳು ಪರ್ವತಾರೋಹಣದ ಪುಸ್ತಕಗಳ ನಡುವೆ ಸಿಕ್ಕಿಕೊಂಡು ಒಂದೂವರೆ ವರ್ಷ ಅಲ್ಲೇ ಉಳಿದೆ. ("ಹತ್ತಿದ್ದು ಸಾಕು, ಇಳಿದು ಅಧ್ಯಾಯ ಬರಿ" ಎಂದು ನನ್ನ ಗೈಡ್ ಎರಡು ಸಲ ಹೇಳಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ಆಲ್ಪ್ಸ್‌ನಲ್ಲೂ ಈ ಹುದ್ದೆಗೆ ಒಂದೇ ಹೆಸರಿರುವುದು ನನಗೆ ಈಗಲೂ ತಮಾಷೆ.) ಅಲ್ಲಿ ಉಳಿಯಲು ಕಾರಣ ಒಂದು ಸರಳ ಪ್ರಶ್ನೆ. ಇಬ್ಬರು ಒಂದೇ ಕುಲ್ವಾರನ್ನು ಒಂದೇ ರೀತಿ, ಒಂದೇ ತಡದಲ್ಲಿ ದಾಟುತ್ತಾರೆ. ಒಬ್ಬನ ಮೇಲೆ ಕಲ್ಲು ಬೀಳುತ್ತದೆ, ಇನ್ನೊಬ್ಬನ ಮೇಲೆ ಬೀಳುವುದಿಲ್ಲ. ಮೊದಲನೆಯವನನ್ನು ನಾವು ದುಡುಕಿದವನು ಎನ್ನುತ್ತೇವೆ, ಎರಡನೆಯವನನ್ನು ಸಾಹಸಿ ಎನ್ನುತ್ತೇವೆ. ಅವರಿಬ್ಬರೂ ಮಾಡಿದ್ದರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ನಾವು ತೂಗುತ್ತಿರುವುದು ಯಾರನ್ನು? ಮನುಷ್ಯನನ್ನೋ, ಕಲ್ಲನ್ನೋ?

ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಒಂದು ಹೆಸರಿದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಇದರ ಮೇಲೆ ಜೋಡಿ ಪ್ರಬಂಧಗಳನ್ನು ಮಂಡಿಸಿದರು. ವಿಲಿಯಮ್ಸ್ ಇಟ್ಟ ಹೆಸರನ್ನು ಕನ್ನಡದಲ್ಲಿ 'ನೈತಿಕ ಅದೃಷ್ಟ' ಎನ್ನಬಹುದು. ಹೆಸರೇ ಮುಜುಗರ ಹುಟ್ಟಿಸುವಂಥದ್ದು. ನೀತಿಯಾದರೂ ಅದೃಷ್ಟದಿಂದ ದೂರವಿರಬೇಕು ಎಂದು ನಾವು ನಂಬಿದ್ದೇವೆ. ಒಳ್ಳೆಯ ಸಂಕಲ್ಪದ ಬೆಲೆ ಫಲದಿಂದ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ ಎಂದು ಕಾಂಟ್ ವಾದಿಸಿದ. ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ಮಾತು ನಮ್ಮ ಮನೆಗಳ ಕ್ಯಾಲೆಂಡರಿನ ಮೇಲೂ ಇದೆ. ಆದರೆ ದಿನನಿತ್ಯದ ತೀರ್ಪಿನಲ್ಲಿ ನಾವು ಗೆದ್ದೆತ್ತಿನ ಬಾಲ ಹಿಡಿಯುವವರೇ. ನೇಗೆಲ್ ಕೊಡುವ ಉದಾಹರಣೆಯಲ್ಲಿ ಬ್ರೇಕ್ ಪರೀಕ್ಷಿಸದೆ ಬಂಡಿ ಹತ್ತಿದ ಚಾಲಕನ ಎದುರು ಮಗು ಅಡ್ಡ ಬಂದರೆ ಅವನು ಜೀವನಪೂರ್ತಿ ಅಪರಾಧಿ, ಬರದಿದ್ದರೆ ಅವನ ತಪ್ಪು ಅವನಿಗೂ ನೆನಪಿರುವುದಿಲ್ಲ.

ಪರ್ವತಾರೋಹಣದ ಚರಿತ್ರೆಯಲ್ಲಿ ಇದಕ್ಕೆ 1865ರ ಬೇಸಿಗೆಗಿಂತ ಒಳ್ಳೆಯ ಪಾಠ ಸಿಗಲಾರದು. ಆ ವರ್ಷ ಜೂನ್ 29ರಂದು ಎಡ್ವರ್ಡ್ ವಿಂಪರ್ ಎಂಬ 25 ವರ್ಷದ ಇಂಗ್ಲಿಷ್ ಯುವಕ, ಕ್ರಿಶ್ಚಿಯನ್ ಆಲ್ಮರ್ ಮತ್ತು ಫ್ರಾಂಜ್ ಬಿನರ್ ಎಂಬ ಇಬ್ಬರು ಸ್ವಿಸ್ ಗೈಡುಗಳೊಂದಿಗೆ, ಫ್ರಾನ್ಸಿನ ಶಾಮನಿ ಊರಿನ ಮೇಲಿರುವ 4122 ಮೀಟರಿನ ಏಗ್ವೀ ವೆರ್ತ್ ಶಿಖರವನ್ನು ಮೊದಲ ಬಾರಿಗೆ ಏರಿದ. ಅವರು ಹಿಡಿದ ದಾರಿ ಒಂದು ದೊಡ್ಡ ಕುಲ್ವಾರ್. ಇವತ್ತಿಗೂ ಅದಕ್ಕೆ ವಿಂಪರನ ಹೆಸರೇ. ಐವತ್ತು ಡಿಗ್ರಿ ಆಸುಪಾಸಿನ ಇಳಿಜಾರು. ಬಿಸಿಲಿಗೆ ಮುಖಮಾಡಿರುವ ಬದಿಯಾದ್ದರಿಂದ ಬೆಳಗಾದ ಕೂಡಲೇ ಅಲ್ಲಿ ಹಿಮ ಮೆದುವಾಗುತ್ತದೆ. ಆಗಿನ್ನೂ ಇಂದಿನಂಥ ಕ್ರ್ಯಾಂಪಾನ್ ಇರಲಿಲ್ಲ. ಮೊಳೆ ಹೊಡೆದ ಬೂಟು, ಕೊಡಲಿಯಿಂದ ಒಂದೊಂದಾಗಿ ಕಡಿದ ಮೆಟ್ಟಿಲು, ಅಷ್ಟೇ. ಶಾಮನಿಯ ಗೈಡುಗಳಿಗೆ ತಮ್ಮ ಊರಿನ ಶಿಖರವನ್ನು ಹೊರಗಿನವರು ಹತ್ತಿಬಿಟ್ಟರೆಂದು ಸಿಟ್ಟು ಬಂದು ಬೀದಿಯಲ್ಲಿ ಗಲಾಟೆಯೇ ಆಯಿತು. ಕೆಳಗೆ ಡೇರೆ ಕಾಯಲು ಬಿಟ್ಟಿದ್ದ ಹಮಾಲಿ, ಇವರು ತಿರುಗಿ ಬರುವುದಿಲ್ಲವೆಂದುಕೊಂಡು ಇದ್ದಬದ್ದ ಊಟವನ್ನೆಲ್ಲ ಮುಗಿಸಿದ್ದನೆಂದು ವಿಂಪರ್ ಬರೆದಿದ್ದಾನೆ. ಓದುವವರು ನಗುತ್ತಾರೆ. ನನಗೋ ಆ ಹಮಾಲಿಯ ಅಂದಾಜು ಅಂಥ ದಡ್ಡತನದ್ದು ಅನಿಸಿಲ್ಲ.

ಹದಿನೈದು ದಿನ ಕಳೆದು ಜುಲೈ 14ರಂದು ಅದೇ ವಿಂಪರ್ ಮ್ಯಾಟರ್‌ಹಾರ್ನ್ ತುದಿಯಲ್ಲಿದ್ದ. ಏಳು ಜನ ಮೇಲೆ ಹೋದರು. ಇಳಿಯುವಾಗ ಹ್ಯಾಡೋ ಎಂಬ ಅನನುಭವಿ ಹುಡುಗ ಜಾರಿ ಗೈಡ್ ಮಿಶೆಲ್ ಕ್ರೋಗೆ ಬಡಿದ. ಒಂದೇ ಹಗ್ಗದಲ್ಲಿದ್ದ ಹಡ್ಸನ್ ಮತ್ತು ಡಗ್ಲಾಸ್ ಕೂಡ ಸೆಳೆದುಕೊಂಡು ಹೋದರು. ಡಗ್ಲಾಸ್ ಮತ್ತು ಹಿರಿಯ ಟೌಗ್‌ವಾಲ್ಡರ್ ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ವಿಂಪರ್ ಮತ್ತು ಟೌಗ್‌ವಾಲ್ಡರ್ ತಂದೆ-ಮಗ ಉಳಿದರು. ಜೂನ್ ಕೊನೆಯಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನೆಲ್ಲ ಜುಲೈ ಮಧ್ಯದಲ್ಲಿ ಪತ್ರಿಕೆಗಳು ಕೇಳಿದವು. ಇದು ಸಾಹಸವೋ ಹುಚ್ಚೋ, ಹಗ್ಗ ಯಾರು ಆರಿಸಿದ್ದು, ಆ ಹುಡುಗನನ್ನು ಯಾಕೆ ಕರೆದೊಯ್ದರು. ತುಂಡಾದದ್ದು ಅವರ ಬಳಿಯಿದ್ದ ಹಗ್ಗಗಳಲ್ಲೆಲ್ಲ ದುರ್ಬಲವಾದದ್ದು. ಹಿರಿಯ ಟೌಗ್‌ವಾಲ್ಡರನ ಮೇಲೆ ಅನುಮಾನ ಬಂತು. ವಿಚಾರಣೆಯಲ್ಲಿ ಅವನದು ತಪ್ಪಿಲ್ಲವೆಂದು ತೀರ್ಮಾನವಾದರೂ ಅನುಮಾನ ಅವನನ್ನು ಬಿಡಲಿಲ್ಲ. 1871ರಲ್ಲಿ ಬಂದ ತನ್ನ ಪುಸ್ತಕದಲ್ಲಿ ವಿಂಪರನೂ ಆ ಅನುಮಾನಕ್ಕೆ ನೀರೆರೆದ. ಒಂದು ಹಗ್ಗ ಇನ್ನೊಂದರ್ಧ ಗಂಟೆ ಬಿಗಿತಕ್ಕೆ ಸಿಗದೆ ಉಳಿದಿದ್ದರೆ ಟೌಗ್‌ವಾಲ್ಡರ್ ಮ್ಯಾಟರ್‌ಹಾರ್ನಿನ ವೀರ.

ಇಲ್ಲಿ ನಮ್ಮ ಭಾಷೆಯ ಒಂದು ಮಾತನ್ನು ತರುತ್ತೇನೆ, ಅದರಿಂದ ನನಗೆ ಉಪಕಾರವಾಗಿದೆ. ಅದೃಷ್ಟ ಎಂದರೆ ಇವತ್ತು ನಮಗೆ ಲಾಟರಿ, ಜಾತಕ. ಆದರೆ ಪದದೊಳಗೆ ಇರುವುದು ಬರೀ 'ಕಾಣದ್ದು'. ವೈಶೇಷಿಕ ಸೂತ್ರಗಳಲ್ಲಿ ಕಣಾದ ಈ ಪದವನ್ನು ಬಳಸುವುದು ಸೂಜಿ ಅಯಸ್ಕಾಂತದತ್ತ ಸರಿಯುವುದನ್ನು, ಬೆಂಕಿಯ ಉರಿ ಮೇಲಕ್ಕೇ ಏಳುವುದನ್ನು ವಿವರಿಸಲು. ಕಾರಣವೊಂದು ಇದೆ, ಅದು ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಮುಂದೆ ಇದೇ ಪದ ಹಿಂದಿನ ಪುಣ್ಯಪಾಪಗಳ ಶೇಷ ಎಂಬ ಅರ್ಥ ಪಡೆದು, ಅಲ್ಲಿಂದ ಹಣೆಬರಹದ ಪಕ್ಕಕ್ಕೆ ಬಂದು ಕೂತಿತು. ಈ ಮೂಲದ ಅರ್ಥದಲ್ಲಿ ಕುಲ್ವಾರಿನ ಕಲ್ಲು ಶುದ್ಧ ಅದೃಷ್ಟ. ನಾನೂರು ಮೀಟರು ಮೇಲೆ ಯಾವ ಬಿರುಕಿನಲ್ಲಿ ಯಾವ ಕಲ್ಲನ್ನು ಎಷ್ಟು ಮಂಜುಗಡ್ಡೆ ಹಿಡಿದುಕೊಂಡಿದೆ ಎಂಬುದಕ್ಕೆ ಲೆಕ್ಕವಿದೆ, ಕೆಳಗೆ ನಿಂತವನಿಗೆ ಅದು ಕಾಣುವುದಿಲ್ಲ.

ಆದರೆ ಕನ್ನಡದಲ್ಲಿ 'ಕಾಣು' ಬೇರೆ, 'ನೋಡು' ಬೇರೆ. ಕಾಣುವುದು ತಾನಾಗಿ ಆಗುತ್ತದೆ, ನೋಡುವುದು ನಾವು ಮಾಡುವ ಕೆಲಸ. ನೋಡಿದರೂ ಕಾಣದಿರಬಹುದು. ನೋಡದೆ ಇದ್ದದ್ದಕ್ಕೆ ಕಾಣಲಿಲ್ಲ ಎಂದೂ ಹೇಳಬಹುದು, ಅದನ್ನು ನಾವು ದಿನವೂ ಹೇಳುತ್ತೇವೆ. ನೈತಿಕ ಅದೃಷ್ಟದ ಚರ್ಚೆಯಲ್ಲಿ ಇಂಗ್ಲಿಷಿನ ಪದ ಈ ಗೆರೆಯನ್ನು ತಾನಾಗಿ ಎಳೆಯುವುದಿಲ್ಲ. ನನ್ನ ವಾದ ಇಷ್ಟು: ಕುಲ್ವಾರಿನಲ್ಲಿ ಕಾಣದ್ದಕ್ಕೆ ಯಾರೂ ಹೊಣೆಯಲ್ಲ, ನೋಡದ್ದಕ್ಕೆ ಹೊಣೆ. ಸುರಕ್ಷಿತವಾಗಿ ಹಿಂದಿರುಗಿದ ದಿನ ಈ ಎರಡರ ನಡುವಿನ ಗೆರೆ ಅಳಿಸಿಹೋಗುತ್ತದೆ. ಹತ್ತುವವನ ನೈತಿಕ ಸಮಸ್ಯೆ ಕಲ್ಲು ಬಿದ್ದ ದಿನ ಶುರುವಾಗುವುದಿಲ್ಲ, ಬೀಳದ ದಿನಗಳಲ್ಲಿ ಬೆಳೆಯುತ್ತದೆ.

ಲೆಕ್ಕಕ್ಕೆಂದು ಒಂದು ಕಲ್ಪಿತ ಕುಲ್ವಾರ್ ಇಟ್ಟುಕೊಳ್ಳೋಣ. ಒಂದು ಸಲ ದಾಟಿದರೆ ಸಾಯುವ ಸಾಧ್ಯತೆ ಸಾವಿರಕ್ಕೆ ಒಂದು. ಸಾವಿರ ಜನ ತಲಾ ನೂರು ಸಲ ದಾಟಿದರೆ ಸುಮಾರು 905 ಜನ ಬದುಕಿರುತ್ತಾರೆ. ಈ 905 ಜನರಲ್ಲಿ ಪ್ರತಿಯೊಬ್ಬರ ಬಳಿಯೂ ನೂರು ಯಶಸ್ಸಿನ ಅನುಭವವಿದೆ. ಅವರೇ ಕಿರಿಯರಿಗೆ ಕಲಿಸುವವರು, ಅವರೇ ಪುಸ್ತಕ ಬರೆಯುವವರು. ಅವರಲ್ಲಿ ಎಷ್ಟು ಜನ ಪ್ರತಿ ಸಲ ನೋಡಿ ದಾಟಿದರು, ಎಷ್ಟು ಜನ ನೋಡದೆ ದಾಟಿದರು ಎಂಬುದು ಬದುಕಿರುವುದರಿಂದ ತಿಳಿಯುವುದಿಲ್ಲ. ಹತ್ತೊಂಬತ್ತು ಸಲ ತಡವಾಗಿ ಹೊರಟರೂ ಏನೂ ಆಗದಿದ್ದವನಿಗೆ ಇಪ್ಪತ್ತನೆಯ ಸಲ ತಡ ಎಂಬುದೇ ತಡವಾಗಿ ತೋರುವುದಿಲ್ಲ. ಬೇರೆ ಕಸುಬುಗಳಲ್ಲಿ ತಪ್ಪು ಮಾಡಿದರೆ ಕೆಲಸ ಕೆಡುತ್ತದೆ. ಬಡಗಿಯ ಅಳತೆ ತಪ್ಪಿದರೆ ಬಾಗಿಲು ಕೂರುವುದಿಲ್ಲ. ಕುಲ್ವಾರಿನಲ್ಲಿ ಅಳತೆ ತಪ್ಪಿದರೂ ಬಹುಪಾಲು ದಿನ ಬಾಗಿಲು ಚೆನ್ನಾಗಿಯೇ ಕೂರುತ್ತದೆ.

ನೋಡಿದವರಿಗೂ ಕಾಣದೆ ಹೋಗುತ್ತದೆ ಎಂಬುದಕ್ಕೆ ಏಗ್ವೀ ವೆರ್ತ್‌ನಲ್ಲೇ ಸಾಕ್ಷಿಯಿದೆ. 1964ರ ಜುಲೈ 7ರಂದು ಅಲ್ಲಿ ಹಿಮ ಕುಸಿದು 14 ಜನ ಸತ್ತರು. ಅವರು ಗೈಡುಗಳಿಗೆ ಕಲಿಸುವ ಶಿಕ್ಷಕರು ಮತ್ತು ಗೈಡಾಗಲು ಕಲಿಯುತ್ತಿದ್ದವರು. 1962ರ ವಿಶ್ವ ಸ್ಲಾಲಮ್ ಸ್ಕೀ ಚಾಂಪಿಯನ್ ಶಾರ್ಲ್ ಬೋಜೋಂ ಅವರಲ್ಲಿ ಒಬ್ಬ. ಹಿಮವನ್ನು ಓದುವುದೇ ಅವರ ಕಸುಬು. ಅವರು ನೋಡಲಿಲ್ಲ ಎಂದು ಇಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಇದೇ ಶಿಖರವನ್ನು ಆರ್ಮಾಂ ಶಾರ್ಲೆ ಎಂಬ ಗೈಡ್ ನೂರು ಸಲ ಏರಿದವನೆಂದು ಹೆಸರಾಗಿದ್ದಾನೆ. 1932ರಲ್ಲಿ ಉತ್ತರ ಬದಿಯ ಕುತ್ಯೂರಿಯೆ ಕುಲ್ವಾರನ್ನು ಮೊದಲು ಏರಿದ ತಂಡದಲ್ಲಿದ್ದವನೂ ಅವನೇ. 1975ರವರೆಗೆ ಬದುಕಿದ್ದ. ಅವನ ನೂರರಿಂದ ಆ ಹದಿನಾಲ್ಕು ಜನರ ಬಗ್ಗೆ ಯಾವ ತೀರ್ಪನ್ನೂ ಕೊಡಲು ಬಾರದು.

ಇಷ್ಟರವರೆಗೆ ಒಬ್ಬನ ಜೀವ, ಅವನ ಇಷ್ಟ ಎಂದು ಮಾತು ಮುಗಿಸಬಹುದಿತ್ತು. ಮುಗಿಯದಿರಲು ಕಾರಣ ಕುಲ್ವಾರಿನ ಆಕಾರವೇ. ಅದು ಎಲ್ಲವನ್ನೂ ಒಂದೇ ದಾರಿಯಲ್ಲಿ ಕೆಳಗೆ ಬಿಡುತ್ತದೆ. ಮೇಲಿರುವವನ ಕಾಲಿನಿಂದ ಜಾರಿದ ಕಲ್ಲು ಕೆಳಗಿರುವವನ ತಲೆಯ ಕಡೆಗೇ ಬರುತ್ತದೆ. ಫಲದ ಮೇಲೆ ಆಸೆ ಬೇಡ ಎನ್ನುವ ಮಾತು ನನ್ನ ಫಲ ನನಗೇ ಬರುವಾಗ ಮನಸ್ಸಿಗೆ ಸಮಾಧಾನ ತರುತ್ತದೆ. ಫಲ ಇನ್ನೊಬ್ಬನ ತಲೆಯ ಮೇಲೆ ಬಿದ್ದಾಗ ಅದೇ ಮಾತನ್ನು ಹೇಳಿಕೊಂಡು ಊಟಕ್ಕೆ ಕೂರಲು ಸಾಧ್ಯವೇ?

ವಿಲಿಯಮ್ಸ್ ಇದನ್ನು ಲಾರಿ ಚಾಲಕನೊಬ್ಬನ ಮೂಲಕ ಯೋಚಿಸಿದ. ತನ್ನ ಯಾವ ತಪ್ಪೂ ಇಲ್ಲದೆ ಚಾಲಕನೊಬ್ಬ ಮಗುವಿನ ಮೇಲೆ ಲಾರಿ ಹಾಯಿಸಿದ್ದಾನೆ. ರಸ್ತೆಬದಿಯಲ್ಲಿ ನಿಂತು ಕಂಡವರಿಗೂ ದುಃಖವಾಗುತ್ತದೆ, ಚಾಲಕನ ದುಃಖ ಮಾತ್ರ ಬೇರೆ ಜಾತಿಯದು. ನಾವು ಅವನಿಗೆ ನಿನ್ನದೇನೂ ತಪ್ಪಿಲ್ಲ ಎಂದು ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಅವನು ಆ ಮಾತನ್ನು ತಕ್ಷಣ ಒಪ್ಪಿಕೊಂಡು ಹಗುರಾಗಿಬಿಟ್ಟರೆ ನಮಗೆ ಅವನ ಬಗ್ಗೆ ಏನೋ ಒಂದು ಅನುಮಾನ ಹುಟ್ಟುತ್ತದೆ. ಈ ಭಾವಕ್ಕೆ ವಿಲಿಯಮ್ಸ್ ಕೊಟ್ಟ ಹೆಸರನ್ನು 'ಮಾಡಿದವನ ವಿಷಾದ' ಎನ್ನಬಹುದು. ಇದು ಪಶ್ಚಾತ್ತಾಪವಲ್ಲ, ಏಕೆಂದರೆ ತಪ್ಪಿಲ್ಲ. ಆದರೂ ಇದು ತನ್ನ ಕೈಯಿಂದಲೇ ಆಯಿತು ಎಂಬುದನ್ನು ಯಾವ ಸಮಾಧಾನವೂ ತೊಳೆಯುವುದಿಲ್ಲ. ಹಗ್ಗದ ಈ ತುದಿಯಲ್ಲಿ ಉಳಿದ ಟೌಗ್‌ವಾಲ್ಡರನಿಗೆ ವಿಚಾರಣೆಯ ತೀರ್ಮಾನ ಎಷ್ಟು ನೆಮ್ಮದಿ ತಂದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಇದು ಒಂದೂವರೆ ಶತಮಾನದ ಹಿಂದಿನ ಇಂಗ್ಲಿಷ್ ಯಜಮಾನರ ಶೋಕಿಯ ಕತೆ ಎಂದು ಯಾರಿಗಾದರೂ ಅನಿಸಿದರೆ, ಅವರು ಮಾಂಟ್ ಬ್ಲಾಂಕ್‌ನ ಗೂತೆ ಕುಲ್ವಾರಿನ ಕಡೆ ನೋಡಬೇಕು. ಪಶ್ಚಿಮ ಯುರೋಪಿನ ಅತಿ ಎತ್ತರದ ಶಿಖರಕ್ಕೆ ಅತಿ ಹೆಚ್ಚು ಜನ ಹಿಡಿಯುವ ದಾರಿಯಲ್ಲಿ, 3167 ಮೀಟರಿನ ತೆತ್ ರೂಸ್ ಮತ್ತು 3835 ಮೀಟರಿನ ಗೂತೆ ಎಂಬ ಎರಡು ತಂಗುಮನೆಗಳ ನಡುವೆ ಈ ಕುಲ್ವಾರನ್ನು ಅಡ್ಡಕ್ಕೆ ದಾಟಬೇಕು. ಅಗಲ ನೂರು ಮೀಟರಿನಷ್ಟು. ಜನ ಅದನ್ನು ಸಾವಿನ ಕುಲ್ವಾರ್ ಎಂದೇ ಕರೆಯುತ್ತಾರೆ. 1990ರಿಂದ 2011ರವರೆಗೆ ಈ ಎರಡು ತಂಗುಮನೆಗಳ ನಡುವೆ 74 ಜನ ಸತ್ತಿದ್ದಾರೆ. ಪರ್ವತಗಳೊಳಗಿನ ಶಾಶ್ವತ ಮಂಜುಗಡ್ಡೆ ಬಿಸಿಯಾಗುತ್ತಿರುವ ಹವಾಮಾನದಲ್ಲಿ ಕರಗುತ್ತಿರುವುದರಿಂದ ಹಳೆಯ ವೇಳಾಪಟ್ಟಿಗಳು ಕೆಲಸಕ್ಕೆ ಬಾರದಂತಾಗುತ್ತಿವೆ. ಅಜ್ಜಂದಿರು ಜುಲೈ-ಆಗಸ್ಟ್‌ನಲ್ಲಿ ಏರುತ್ತಿದ್ದ ಕುಲ್ವಾರುಗಳನ್ನು ಮೊಮ್ಮಕ್ಕಳು ವಸಂತದಲ್ಲೇ ಮುಗಿಸುತ್ತಾರೆ.

2022ರ ಬೇಸಿಗೆಯಲ್ಲಿ ಬಿಸಿ ಎಷ್ಟು ಏರಿತೆಂದರೆ ಶಾಮನಿಯ ಗೈಡುಗಳು ಈ ದಾರಿಯಲ್ಲಿ ಗಿರಾಕಿಗಳನ್ನು ಕರೆದೊಯ್ಯುವುದನ್ನು ನಿಲ್ಲಿಸಿದರು. ಆದರೂ ತಾವಾಗಿಯೇ ಬಂದು ದಾಟುವವರು ನಿಲ್ಲಲಿಲ್ಲ. ಆಗ ಕೆಳಗಿನ ಸೇಂಟ್-ಜೆರ್ವೆ ಊರಿನ ಮೇಯರ್ ಒಂದು ಪ್ರಸ್ತಾಪ ಮುಂದಿಟ್ಟರು. ಹತ್ತಲು ಹೋಗುವವರು 15,000 ಯೂರೋ ಠೇವಣಿ ಇಡಬೇಕು. ಅದರಲ್ಲಿ 10,000 ರಕ್ಷಣೆಗೆ, 5,000 ಶವಸಂಸ್ಕಾರಕ್ಕೆ. ಆಗಸ್ಟ್‌ನಲ್ಲಿ ಎರಡೂ ತಂಗುಮನೆಗಳನ್ನು ಮುಚ್ಚಿದರು. ಠೇವಣಿಯ ಮಾತು ಜಗತ್ತಿನಾದ್ಯಂತ ಸುದ್ದಿಯಾಯಿತು. ಕೆಲವರು ಚಪ್ಪಾಳೆ ತಟ್ಟಿದರು, ಪರ್ವತಾರೋಹಿಗಳಲ್ಲಿ ಅನೇಕರು ಇದು ಪರ್ವತಕ್ಕೆ ಗೇಟು ಹಾಕಿದಂತೆ ಎಂದರು.

ನನಗೆ ಆ ಪ್ರಸ್ತಾಪ ಇಷ್ಟವಾಗಲಿಲ್ಲ, ಆದರೆ ಅದರ ಹಿಂದಿನ ಕಿರಿಕಿರಿ ನ್ಯಾಯವಾದದ್ದು ಅನಿಸುತ್ತದೆ. ಫ್ರಾನ್ಸಿನ ಪರ್ವತಗಳಲ್ಲಿ ಸರ್ಕಾರಿ ರಕ್ಷಣಾ ದಳ ಬಂದು ಎತ್ತಿಕೊಂಡು ಹೋಗುವುದಕ್ಕೆ ಹಣ ಕೇಳುವುದಿಲ್ಲ. ಇದು ಒಂದು ಸಮಾಜ ತನ್ನ ಬಗ್ಗೆ ಹೆಮ್ಮೆಪಡಬಹುದಾದ ಸಂಗತಿ. ಆದರೆ ಆ ದಳದವರು ಬರುವುದೂ ಅದೇ ಕುಲ್ವಾರಿಗೆ, ಬಹಳ ಸಲ ಅದೇ ಕೆಟ್ಟ ಹೊತ್ತಿನಲ್ಲಿ, ಅದೇ ಕಲ್ಲುಗಳ ಕೆಳಗೆ. ನನ್ನ ಜೀವ ನನ್ನ ಇಷ್ಟ ಎನ್ನುವವನು ಅವರ ಜೀವವನ್ನೂ ತನ್ನ ಇಷ್ಟದ ಲೆಕ್ಕದೊಳಗೆ ಸೇರಿಸಿಕೊಂಡಿದ್ದಾನೆ, ಕೇಳದೆಯೇ. ಠೇವಣಿ ಇದನ್ನು ಸರಿಪಡಿಸುವುದಿಲ್ಲ. ಹದಿನೈದು ಸಾವಿರ ಕಟ್ಟಿದವನಿಗೆ ತಾನು ಬಾಕಿ ತೀರಿಸಿಯಾಯಿತು ಅನಿಸುವುದೇ ಹೆಚ್ಚು. ಶ್ರೀಮಂತನಿಗೆ ಕಲ್ಲನ್ನು ನೋಡದಿರುವ ಹಕ್ಕು ಕೊಂಡಂತಾಗುತ್ತದೆ.

ಹಾಗಾದರೆ ಹತ್ತಲೇಬಾರದೆ? ಸಂಗೋಷ್ಠಿಗಳಲ್ಲಿ ನನಗೆ ಯಾವಾಗಲೂ ಬರುವ ಪ್ರಶ್ನೆ. ಹತ್ತಬಾರದು ಎಂದು ನನ್ನ ವಾದದಿಂದ ಹೊರಡುವುದಿಲ್ಲ. ಕ್ರಿಶ್ಚಿಯನ್ ಆಲ್ಮರ್‌ನನ್ನೇ ನೋಡಿ. ವಿಂಪರನ ಕುಲ್ವಾರಿನಲ್ಲಿದ್ದ ಅವನು ಮ್ಯಾಟರ್‌ಹಾರ್ನಿನ ಆ ದಿನ ತಂಡದಲ್ಲಿ ಇರಲಿಲ್ಲ. 1896ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮದುವೆಯ ಐವತ್ತನೆಯ ವರ್ಷವೆಂದು ಹೆಂಡತಿಯನ್ನು ಕರೆದುಕೊಂಡು ವೆಟ್ಟರ್‌ಹಾರ್ನ್ ಶಿಖರ ಏರಿದ. ಆಕೆ ಅವನಿಗಿಂತ ದೊಡ್ಡವಳು. ಅಂಥ ಬದುಕಿನ ಎದುರು ಮನೆಯಲ್ಲೇ ಇರಬೇಕಿತ್ತು ಎಂದು ಹೇಳುವ ನೀತಿಶಾಸ್ತ್ರ ನನಗೆ ಬೇಡ. ಆದರೆ ಅವನ ಬದುಕು ಚಂದವಾಗಿ ಮುಗಿಯಿತು ಎಂಬುದರಿಂದಲೇ ಅವನು ಸರಿಯಾಗಿ ನಡೆದುಕೊಂಡ ಎಂದೂ ನಾನು ಹೇಳಲಾರೆ. ಅದನ್ನು ಹೇಳಬೇಕಾದರೆ ಅವನು ಪ್ರತಿ ಕುಲ್ವಾರಿನ ಬುಡದಲ್ಲಿ, ಕತ್ತಲಲ್ಲಿ ನಿಂತು ಏನು ನೋಡಿದ, ಯಾರನ್ನು ನೆನೆದ ಎಂಬುದು ಗೊತ್ತಿರಬೇಕು.

ಆ ಬುಡದಲ್ಲಿ ಬೇಸಿಗೆಯ ಪ್ರತಿ ರಾತ್ರಿ ಯಾರಾದರೂ ನಿಂತಿರುತ್ತಾರೆ. ಹಿಮನದಿ ಬಂಡೆಯಿಂದ ಕಳಚಿಕೊಂಡು ಬಾಯಿ ಬಿಟ್ಟಿರುವ ಬಿರುಕನ್ನು ದಾಟಿದರೆ ಕುಲ್ವಾರ್ ಶುರು. ಹೊತ್ತು ಎರಡು ಗಂಟೆ. ಆಕಾಶ ತೆರೆದಿದ್ದರೆ ಹಿಮ ಗಟ್ಟಿಯಾಗಿ ಕ್ರ್ಯಾಂಪಾನಿನ ಹಲ್ಲು ಕರಕರ ಎನ್ನಬೇಕು. ರಾತ್ರಿ ಮೋಡ ಕವಿದು ಚಳಿ ಬೀಳದಿದ್ದರೆ ಬೂಟು ಹರಡಿನವರೆಗೆ ಹೂತುಹೋಗುತ್ತದೆ. ಇದು ಕಾಣದ ಸಂಗತಿಯಲ್ಲ. ಕಾಲಿಗೇ ಗೊತ್ತಾಗುತ್ತದೆ. ರಜೆ ಇವತ್ತಿಗೇ ಮುಗಿಯುತ್ತದೆ, ಗೈಡಿಗೆ ಹಣ ಕೊಟ್ಟಾಗಿದೆ, ಮೇಲೆ ಆಗಲೇ ಎರಡು ಹಣೆದೀಪಗಳು ಏರುತ್ತಿವೆ. ಅವರು ಹೋಗುತ್ತಿದ್ದಾರಲ್ಲ ಎಂಬುದೂ ಒಂದು ಕಾರಣವಾಗುತ್ತದೆ.

ಅಲ್ಲಿಂದ ತಿರುಗಿ ಬಂದವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಶಿಖರ ಮುಟ್ಟಿದವರ ಪಟ್ಟಿ ಇದೆ, ಸತ್ತವರ ಪಟ್ಟಿ ಇದೆ. ಎರಡು ಗಂಟೆಗೆ ತಿರುಗಿದವನು ನಾಲ್ಕಕ್ಕೆ ತಂಗುಮನೆಗೆ ಮರಳಿ, ಸದ್ದು ಮಾಡದೆ ಬೂಟು ಕಳಚಿ, ಬೆಳಗಿನ ಚಹಾಕ್ಕಾಗಿ ಕಾಯುತ್ತಾನೆ. ಹತ್ತು ಗಂಟೆಗೆ ಆ ಎರಡು ಹಣೆದೀಪಗಳವರು ಬಿಸಿಲಿಗೆ ಕೆಂಪಾದ ಮುಖ ಹೊತ್ತು ನಗುತ್ತ ಇಳಿದು ಬರುತ್ತಾರೆ, ದಾರಿ ಚೆನ್ನಾಗಿತ್ತು, ನೀವೂ ಬರಬಹುದಿತ್ತು ಎನ್ನುತ್ತಾರೆ. ಅವನು ಹೌದೆಂದು ತಲೆಯಾಡಿಸಿ ಅವರಿಗೂ ಒಂದೊಂದು ಲೋಟ ಚಹಾ ಹೇಳುತ್ತಾನೆ.